ರದ್ದಾದ ರೇಸಿನ ಎಂಜಿನ್ ಲೆಕ್ಕ

2023ರ ಮೇ ತಿಂಗಳ ಮೂರನೇ ವಾರ ಇಟಲಿಯ ಎಮಿಲಿಯಾ-ರೊಮಾನ್ಯ ಪ್ರಾಂತ್ಯದಲ್ಲಿ 20ಕ್ಕೂ ಹೆಚ್ಚು ನದಿಗಳು ದಡ ಮೀರಿ ಹರಿದವು. ಜನ ಪ್ರಾಣ ಕಳೆದುಕೊಂಡರು, ಸಾವಿರಾರು ಮಂದಿ ಮನೆಮಠ ಬಿಟ್ಟು ಹೊರಟರು. ಇಮೋಲಾದ ರೇಸ್ ಟ್ರ್ಯಾಕಿನ ಪಕ್ಕದಲ್ಲೇ ಹರಿಯುವ ಸಾಂತೆರ್ನೊ ನದಿಯೂ ಏರುತ್ತಿತ್ತು. ತಂಡಗಳು ಬೀಡುಬಿಡುವ ಪ್ಯಾಡಕ್ಕಿನಲ್ಲಿದ್ದ ಸಿಬ್ಬಂದಿಯನ್ನು ಮಂಗಳವಾರವೇ ಹೊರಗೆ ಕಳಿಸಿದರು. ಬುಧವಾರ, ಮೇ 17ರಂದು, ಆ ವಾರಾಂತ್ಯದ ಫಾರ್ಮುಲಾ ಒನ್ ರೇಸ್ ನಡೆಯುವುದಿಲ್ಲ ಎಂಬ ಪ್ರಕಟಣೆ ಬಂತು. ಪರಿಹಾರದ ಕೆಲಸಕ್ಕೆ ಬೇಕಾದ ಪೊಲೀಸರು, ವೈದ್ಯರು, ಅಗ್ನಿಶಾಮಕ ದಳದವರನ್ನು ಒಂದು ಆಟದ ಕಾವಲಿಗೆ ಎಳೆದು ತರದಿದ್ದದ್ದು ಸರಿಯಾದ ತೀರ್ಮಾನ.

ಅಂದು 23 ರೇಸ್‌ಗಳ ಋತು 22ಕ್ಕೆ ಇಳಿಯಿತು. ರೇಸ್ ಒಂದು ಕಡಿಮೆಯಾದರೆ ಚಾಲಕನಿಗೆ ಸಿಗುವ ಎಂಜಿನ್‌ಗಳೂ ಕಡಿಮೆಯಾಗುತ್ತವೆಯೇ? ಆ ರೇಸಿನಲ್ಲೇ ಹೊಸ ಎಂಜಿನ್ ಹಾಕಿ ಶಿಕ್ಷೆ ಅನುಭವಿಸಲು ಹೊರಟಿದ್ದವನಿಗೆ ಶಿಕ್ಷೆ ತಪ್ಪುತ್ತದೆಯೇ? ಹಿಂದಿನ ರೇಸಿನಿಂದ ಹೊತ್ತು ತಂದ ದಂಡ ಎಲ್ಲಿಗೆ ಹೋಗುತ್ತದೆ? ಪ್ರವಾಹದ ಮುಂದೆ ಇವು ಸಣ್ಣ ಪ್ರಶ್ನೆಗಳು, ನಿಜ. ಆದರೆ ಇಂಥ ಸಣ್ಣ ಲೆಕ್ಕಗಳ ಮೇಲೆಯೇ ವಿಶ್ವಚಾಂಪಿಯನ್‌ಷಿಪ್ ನಿಂತದ್ದನ್ನು ನಾವು 2021ರಲ್ಲಿ ಕಂಡಿದ್ದೇವೆ. ಆದ್ದರಿಂದ ನಿಯಮ ಏನು ಹೇಳುತ್ತದೆ, ಎಲ್ಲಿ ಬಾಯಿ ಮುಚ್ಚಿಕೊಂಡಿದೆ ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಮೂಲ ಲೆಕ್ಕ. 2014ರಲ್ಲಿ 1.6 ಲೀಟರಿನ ವಿ6 ಟರ್ಬೊ ಹೈಬ್ರಿಡ್ ಬಂದಾಗಿನಿಂದ ಫಾರ್ಮುಲಾ ಒನ್ ಕಾರಿನ ಎಂಜಿನ್ನಿಗೆ ಪವರ್ ಯೂನಿಟ್ ಎಂದು ಹೆಸರು. ಇಂಧನ ಉರಿಸುವ ಎಂಜಿನ್, ಟರ್ಬೊಚಾರ್ಜರ್, ಬ್ರೇಕ್ ಹಾಕುವಾಗಿನ ಶಕ್ತಿಯನ್ನು ವಿದ್ಯುತ್ತಾಗಿಸುವ ಎಂಜಿಯು-ಕೆ, ಹೊಗೆಕೊಳವೆಯ ಬಿಸಿಗಾಳಿಯಿಂದ ವಿದ್ಯುತ್ ತೆಗೆಯುವ ಎಂಜಿಯು-ಎಚ್, ಬ್ಯಾಟರಿ, ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ಎಲ್ಲ ಸೇರಿ ಒಂದು ಯೂನಿಟ್. 2026ರ ಹೊಸ ತಲೆಮಾರಿನಲ್ಲಿ ಎಂಜಿಯು-ಎಚ್ ಇಲ್ಲ. ಈ ಒಂದೊಂದು ಭಾಗಕ್ಕೂ ಬೇರೆ ಬೇರೆ ಲೆಕ್ಕ. ಋತುವಿಡೀ ಇಷ್ಟೇ ಬಳಸಬೇಕೆಂದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಮಿತಿ ಹಾಕುತ್ತದೆ, ಭಾಗಗಳಿಗೆ ಸೀಲ್ ಒತ್ತುತ್ತದೆ. 2014ರಲ್ಲಿ ಚಾಲಕನಿಗೆ 5 ಯೂನಿಟ್ ಇತ್ತು, ಮರುವರ್ಷ 4. 2018ಕ್ಕೆ ಎಂಜಿನ್ 3ಕ್ಕೂ ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ಸ್ 2ಕ್ಕೂ ಇಳಿದವು. ಖರ್ಚು ಕಡಿಮೆಯಾಗಲಿ, ಬಾಳಿಕೆ ಬರುವ ಎಂಜಿನ್ ಕಟ್ಟುವುದನ್ನು ತಯಾರಕರು ಕಲಿಯಲಿ ಎಂಬುದು ಉದ್ದೇಶ.

ಮಿತಿ ಮೀರಿ ಮೊದಲ ಸಲ ಒಂದು ಭಾಗ ಹಾಕಿದರೆ ರೇಸ್ ಹೊರಡುವ ಸಾಲಿನಲ್ಲಿ, ಅಂದರೆ ಗ್ರಿಡ್‌ನಲ್ಲಿ, 10 ಸ್ಥಾನ ಹಿಂದಕ್ಕೆ. ಅದೇ ಬಗೆಯ ಭಾಗವನ್ನು ಮತ್ತೆ ಹೆಚ್ಚುವರಿಯಾಗಿ ಹಾಕಿದರೆ 5 ಸ್ಥಾನ. ಒಟ್ಟು ದಂಡ 15 ಸ್ಥಾನ ದಾಟಿದರೆ ನೇರ ಗ್ರಿಡ್‌ನ ಕೊನೆಗೆ. ಈ ಕೊನೆಯ ನಿಯಮ ಹುಟ್ಟಿದ್ದಕ್ಕೂ ಕಾರಣವಿದೆ: 2015ರ ಬೆಲ್ಜಿಯಂ ರೇಸಿನಲ್ಲಿ ಮೆಕ್ಲಾರೆನ್-ಹೋಂಡಾದ ಇಬ್ಬರು ಚಾಲಕರಿಗೆ ಸೇರಿ 105 ಸ್ಥಾನಗಳ ದಂಡ ಬಿದ್ದಿತ್ತು. ನಿಲ್ಲುವುದೇ 20 ಕಾರು, ಇಳಿಯುವುದು 105 ಸ್ಥಾನ ಎಂದರೆ ನೋಡುವವನಿಗೆ ಅರ್ಥವಾಗುವುದಾದರೂ ಏನು?

ದಂಡ ಎಷ್ಟು ಕಚ್ಚುತ್ತದೆ ಎಂಬುದಕ್ಕೆ 2023ರ ಋತುವಿನ ಆರಂಭವನ್ನೇ ನೋಡಬಹುದು. ಬಹರೇನಿನ ಮೊದಲ ರೇಸಿನಲ್ಲಿ ಮೂರನೇ ಸ್ಥಾನದಲ್ಲಿದ್ದ ಚಾರ್ಲ್ಸ್ ಲೆಕ್ಲೇರ್ ಅವರ ಫೆರಾರಿ ನಿಂತುಹೋಯಿತು. ಅಷ್ಟರಲ್ಲಿ ಅವರ ಪಾಲಿನ ಎರಡೂ ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ಮುಗಿದಿದ್ದವು. ಎರಡನೇ ರೇಸಿಗೇ ಮೂರನೆಯದು ಬೇಕಾಯಿತು, ಜೆಡ್ಡಾದಲ್ಲಿ 10 ಸ್ಥಾನ ಕಳೆದುಕೊಂಡು 12ರಿಂದ ಹೊರಟರು. ಮುಂದೆ ಇನ್ನೂ 20ಕ್ಕೂ ಹೆಚ್ಚು ರೇಸ್ ಬಾಕಿ ಇದ್ದವು.

ಇನ್ನು ರದ್ದಾದ ರೇಸಿನ ಮಾತು. ಇಲ್ಲಿ ಕೀಲಿಕೈಯಂಥ ವಾಕ್ಯವೊಂದು ನಿಯಮಾವಳಿಯಲ್ಲಿದೆ. ಕಾರಿನಲ್ಲಿರುವ ಟೈಮಿಂಗ್ ಟ್ರಾನ್ಸ್‌ಪಾಂಡರ್, ಆ ಕಾರು ಗ್ಯಾರೇಜುಗಳ ಮುಂದಿನ ಪಿಟ್ ಲೇನ್ ದಾಟಿ ಟ್ರ್ಯಾಕಿಗೆ ಬಂತು ಎಂದು ತೋರಿಸಿದ ಗಳಿಗೆಯಿಂದ ಅದರೊಳಗಿನ ಪವರ್ ಯೂನಿಟ್ ಭಾಗಗಳು ಬಳಕೆಯಾದಂತೆ. ರೇಸ್ ಓಡಬೇಕಿಲ್ಲ, ಅರ್ಹತಾ ಸುತ್ತು ನಡೆಯಬೇಕಿಲ್ಲ. ಶುಕ್ರವಾರದ ಮೊದಲ ಅಭ್ಯಾಸದಲ್ಲಿ ಒಂದು ಸುತ್ತು ಬಂದರೂ ಸಾಕು. ನಮ್ಮ ಬಸ್ಸು ಊರಾಚೆ ಕೆಟ್ಟು ನಿಂತರೂ ಕಂಡಕ್ಟರು ಹರಿದುಕೊಟ್ಟ ಟಿಕೆಟು ಹರಿದದ್ದೇ ಅಲ್ಲವೇ, ಹಾಗೆ.

ಈ ವಾಕ್ಯವನ್ನು ಕೈಯಲ್ಲಿ ಹಿಡಿದರೆ ಇಮೋಲಾದ ಉತ್ತರ ಸುಲಭ. ಬುಧವಾರ ರದ್ದಾಯಿತು, ಒಂದು ಕಾರೂ ಪಿಟ್ ಲೇನ್ ಬಿಟ್ಟಿರಲಿಲ್ಲ. ಗ್ಯಾರೇಜಿಗೆ ಬಂದ ಎಂಜಿನ್ ಎಷ್ಟೇ ಹೊಸದಿರಲಿ, ಪೆಟ್ಟಿಗೆಯಲ್ಲಿದ್ದಂತೆಯೇ ಮುಂದಿನ ಊರಿಗೆ ಹೋಯಿತು. 2020ರ ಮಾರ್ಚ್ 13ರಂದು ಮೆಲ್ಬರ್ನ್‌ನಲ್ಲೂ ಹೀಗೇ. ಹಿಂದಿನ ದಿನ ಮೆಕ್ಲಾರೆನ್ ತಂಡದ ಸದಸ್ಯರೊಬ್ಬರಿಗೆ ಕೋವಿಡ್ ದೃಢಪಟ್ಟು ತಂಡ ಹಿಂದೆ ಸರಿದಿತ್ತು. ಶುಕ್ರವಾರದ ಮೊದಲ ಅಭ್ಯಾಸಕ್ಕೆ ಕೆಲವೇ ಗಂಟೆ ಇರುವಾಗ ರೇಸ್ ರದ್ದಾಯಿತು. ಪ್ರೇಕ್ಷಕರು ಗೇಟಿನ ಹೊರಗೆ ಸಾಲು ನಿಂತಿದ್ದರು, ಆದರೆ ಕಾರುಗಳು ಹೊರಬಂದಿರಲಿಲ್ಲ. ಎಂಜಿನ್ ಖಾತೆಯಲ್ಲಿ ಒಂದು ಗೆರೆಯೂ ಬೀಳಲಿಲ್ಲ.

ಇಷ್ಟರವರೆಗೆ ನಿಯಮ ಸ್ಪಷ್ಟ. ಕಷ್ಟ ಶುರುವಾಗುವುದು ಕಾರು ಓಡಿದ ಮೇಲೆ ರೇಸ್ ನಿಂತರೆ.

ಮೋಟಾರ್ ಸೈಕಲ್ ರೇಸಿನಲ್ಲಿ ಇದು ನಡೆದಿದೆ. 2018ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಹೊಸದಾಗಿ ಡಾಂಬರು ಹಾಕಿದ ಟ್ರ್ಯಾಕಿನಿಂದ ಮಳೆನೀರು ಇಳಿಯಲೇ ಇಲ್ಲ. ಶನಿವಾರ ಅಭ್ಯಾಸದಲ್ಲಿ ನೀರಿನ ಮೇಲೆ ಜಾರಿ ಬಿದ್ದು ಟಿಟೊ ರಬಾಟ್ ಕಾಲು ಮುರಿದುಕೊಂಡರು. ಅಭ್ಯಾಸವೂ ಅರ್ಹತಾ ಸುತ್ತೂ ಮುಗಿದಿದ್ದವು, ಹೊರ್ಹೆ ಲೊರೆಂಜೊ ಮುಂಚೂಣಿ ಸ್ಥಾನ ಗಳಿಸಿದ್ದರು. ಭಾನುವಾರ ಗಂಟೆಗಟ್ಟಲೆ ಕಾದು ಕೊನೆಗೆ ಮೂರೂ ವರ್ಗಗಳ ರೇಸ್ ರದ್ದು ಮಾಡಿದರು. ಮೋಟೊಜಿಪಿಯಲ್ಲೂ ಸವಾರನಿಗೆ ಋತುವಿಗೆ ಇಷ್ಟೇ ಎಂದು ಸೀಲ್ ಒತ್ತಿದ ಎಂಜಿನ್‌ಗಳು, ಮೀರಿದರೆ ಪಿಟ್ ಲೇನ್‌ನಿಂದ ಆರಂಭ. ಆ ಎರಡು ದಿನ ಎಂಜಿನ್‌ಗಳು ಸವೆದ ಕಿಲೋಮೀಟರುಗಳನ್ನು ಯಾವ ರದ್ದತಿಯೂ ವಾಪಸ್ ಕೊಡಲಾರದು.

ಫಾರ್ಮುಲಾ ಒನ್ ಈ ಅಂಚಿಗೆ ಎಷ್ಟು ಹತ್ತಿರ ಹೋಗಿತ್ತು ಎಂಬುದಕ್ಕೆ 2021ರ ಸೆಪ್ಟೆಂಬರ್‌ನ ರಷ್ಯಾದ ಸೋಚಿ ರೇಸಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್‌ಸ್ಟಾಪನ್ ನಡುವೆ ಪ್ರತಿ ಅಂಕಕ್ಕೂ ಕಾದಾಟ ನಡೆಯುತ್ತಿದ್ದ ವರ್ಷ ಅದು. ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನ ಮೊದಲ ಸುತ್ತಿನಲ್ಲಿ ಇಬ್ಬರೂ ತಾಗಿ ವೆರ್‌ಸ್ಟಾಪನ್ ಗೋಡೆಗೆ ಅಪ್ಪಳಿಸಿದ್ದರು, ಆ ಹೊಡೆತಕ್ಕೆ ಸಿಕ್ಕ ಎಂಜಿನ್ ಕೈಕೊಟ್ಟಿತು. ಇನ್ನು ಸೋಚಿಗೆ ಬರುವಾಗ ಅವರ ಮೇಲೆ ಬೇರೊಂದು ದಂಡ ಮೊದಲೇ ಇತ್ತು: ಹಿಂದಿನ ರೇಸ್ ಮೊಂಜಾದಲ್ಲಿ ಹ್ಯಾಮಿಲ್ಟನ್‌ಗೆ ಡಿಕ್ಕಿ ಹೊಡೆದದ್ದಕ್ಕೆ 3 ಸ್ಥಾನ. ಹೇಗೂ ಹಿಂದೆ ಹೋಗಲೇಬೇಕು, ಪೂರ್ತಿ ಹಿಂದಕ್ಕೇ ಹೋಗೋಣ ಎಂದು ಅವರ ತಂಡ ರೆಡ್‌ಬುಲ್ ತೀರ್ಮಾನಿಸಿ ನಾಲ್ಕನೇ ಪವರ್ ಯೂನಿಟ್ ಅಳವಡಿಸಿತು. ಕೊನೆಯ ಸ್ಥಾನದೊಳಗೆ ಆ 3 ಸ್ಥಾನಗಳೂ ಕರಗಿದವು.

ಶನಿವಾರ ಸೋಚಿಯಲ್ಲಿ ಭಾರೀ ಮಳೆ. ಮೂರನೇ ಅಭ್ಯಾಸವನ್ನು ರದ್ದು ಮಾಡಬೇಕಾಯಿತು. ಅದೃಷ್ಟಕ್ಕೆ ಮಧ್ಯಾಹ್ನ ಅರ್ಹತಾ ಸುತ್ತು ನಡೆಯಿತು, ಭಾನುವಾರ ರೇಸೂ ನಡೆಯಿತು. ವೆರ್‌ಸ್ಟಾಪನ್ 20ರಿಂದ ಹೊರಟು, ಕೊನೆಯ ಸುತ್ತುಗಳ ಮಳೆಯಲ್ಲಿ ಸರಿಯಾದ ಹೊತ್ತಿಗೆ ಟೈರ್ ಬದಲಿಸಿ ಎರಡನೆಯವರಾಗಿ ಬಂದರು. ಹ್ಯಾಮಿಲ್ಟನ್ ಗೆದ್ದರು, ಅದು ಅವರ ನೂರನೇ ಗೆಲುವು.

ಆ ಮಳೆ ಭಾನುವಾರವೂ ಬಿಡದೆ ರೇಸ್ ಪೂರ್ತಿ ರದ್ದಾಗಿದ್ದರೆ? ಹೊಸ ಯೂನಿಟ್ ಟ್ರ್ಯಾಕಿಗೆ ಇಳಿದಾಗಿತ್ತು, ಆದ್ದರಿಂದ ಬಳಕೆಯಾಗಿದೆ. ವೆರ್‌ಸ್ಟಾಪನ್ ಅವರ ಎಂಜಿನ್ ಸಂಗ್ರಹಕ್ಕೆ ಸೇರಿದೆ. ಸಂಗ್ರಹಕ್ಕೆ ಒಮ್ಮೆ ಸೇರಿದ ಭಾಗವನ್ನು ಮುಂದೆ ಯಾವ ರೇಸಿನಲ್ಲಾದರೂ ದಂಡವಿಲ್ಲದೆ ಹಾಕಿಕೊಳ್ಳಬಹುದು. ದಂಡವೋ, ಆ ಭಾಗವನ್ನು ಮೊದಲು ಬಳಸಿದ ರೇಸ್ ವಾರಾಂತ್ಯಕ್ಕೆ ಕಟ್ಟಿಹಾಕಿದ್ದು. ಆ ವಾರಾಂತ್ಯದಲ್ಲಿ ಗ್ರಿಡ್ಡೇ ರಚನೆಯಾಗದಿದ್ದರೆ ಹಿಂದಕ್ಕೆ ಇಳಿಸುವುದು ಎಲ್ಲಿಂದ, ಎಲ್ಲಿಗೆ? ಅಕ್ಷರಶಃ ಓದಿದರೆ ಒಂದು ಹೊಚ್ಚಹೊಸ ಎಂಜಿನ್ ಬಿಟ್ಟಿಯಾಗಿ ಸಿಕ್ಕಂತೆ. ರೇಸಿನ ತೀರ್ಪುಗಾರರಾದ ಸ್ಟೂವರ್ಡ್‌ಗಳು ಏನಾದರೊಂದು ತೀರ್ಪು ಕೊಟ್ಟೇ ಕೊಡುತ್ತಿದ್ದರು. ಆದರೆ ಚಾಂಪಿಯನ್‌ಷಿಪ್ ತೂಗುಯ್ಯಾಲೆಯಲ್ಲಿರುವಾಗ ನಾಲ್ಕು ಜನ ಕೊಠಡಿಯಲ್ಲಿ ಕುಳಿತು ಆ ಕ್ಷಣಕ್ಕೆ ಹೊಸೆಯುವ ತೀರ್ಪನ್ನು ಸೋತ ಪಕ್ಷ ಒಪ್ಪುತ್ತಿತ್ತೇ? ಅದೇ ವರ್ಷದ ಕೊನೆಯಲ್ಲಿ ಅಬುಧಾಬಿಯಲ್ಲಿ ರೇಸ್ ನಿರ್ದೇಶಕರ ಕೊನೆಗಳಿಗೆಯ ತೀರ್ಮಾನದ ಮೇಲೆ ಎದ್ದ ವಿವಾದ ನೆನೆದರೆ ಉತ್ತರ ಹೇಳಬೇಕಿಲ್ಲ.

ಈಗ ಆ 3 ಸ್ಥಾನಗಳ ದಂಡವನ್ನು ಬೇರೆಯಾಗಿ ನೋಡಿ. ಅದು ಚಾಲಕನ ನಡತೆಗೆ ಬಿದ್ದದ್ದು. ಅವನು ಮುಂದೆ ಓಡುವ ರೇಸಿನಲ್ಲಿ ತೀರಿಸಬೇಕಾದ ಸಾಲ. ಸಾಲ ತೀರಿಸಲು ಹೋದ ದಿನ ಅಂಗಡಿ ಮುಚ್ಚಿದ್ದರೆ ಸಾಲ ಮನ್ನಾ ಆಗುವುದಿಲ್ಲ, ಮುಂದಿನ ರೇಸಿಗೆ ಹೋಗುತ್ತದೆ. ಇಮೋಲಾದಂತೆ ಮೊದಲೇ ರದ್ದಾದಾಗ ಇದರಲ್ಲಿ ಗೊಂದಲವೇ ಇಲ್ಲ. ಒಂದೇ ಕಾರಿನ ಮೇಲೆ ಕೂತ ಎರಡು ದಂಡಗಳಲ್ಲಿ ಒಂದು ಮುಂದಕ್ಕೆ ಸಾಗುತ್ತದೆ, ಇನ್ನೊಂದು ರದ್ದಾದ ವಾರಾಂತ್ಯದ ಜೊತೆಗೇ ಮುಳುಗುತ್ತದೆ ಎಂದರೆ ನಿಯಮದಲ್ಲಿ ತೂತು ಇದೆ ಎಂದೇ ಅರ್ಥ.

ಅದೇ 2021ರಲ್ಲಿ, ಸೋಚಿಗೆ ಒಂದು ತಿಂಗಳು ಮೊದಲು, ಬೆಲ್ಜಿಯಂನ ಸ್ಪಾದಲ್ಲಿ ಮೂರನೇ ಬಗೆಯ ಸಂಕಟ ಕಾಣಿಸಿಕೊಂಡಿತ್ತು. ರೇಸ್ ರದ್ದಾಗಲಿಲ್ಲ, ಆದರೆ ನಡೆಯಿತು ಎನ್ನಲೂ ಆಗುವುದಿಲ್ಲ. ಮಳೆಯಲ್ಲಿ ಮೂರು ಗಂಟೆಗೂ ಹೆಚ್ಚು ಕಾದು, ಸೇಫ್ಟಿ ಕಾರಿನ ಹಿಂದೆ ಕೆಲವು ಸುತ್ತು ಮೆರವಣಿಗೆ ನಡೆಸಿ ಅರ್ಧ ಅಂಕ ಹಂಚಿದರು. ಹಿಂದಿನ ರೇಸ್ ಹಂಗೆರಿಯಲ್ಲಿ ಮಾಡಿದ ಅಪಘಾತಕ್ಕೆ 5 ಸ್ಥಾನಗಳ ದಂಡ ಹೊತ್ತು ಬಂದಿದ್ದ ವಾಲ್ಟೆರಿ ಬೊಟಾಸ್ ಅರ್ಹತಾ ಸುತ್ತಿನಲ್ಲಿ 8ನೆಯವರು, ಗ್ರಿಡ್‌ನಲ್ಲಿ 13ನೆಯವರು. ಒಬ್ಬರನ್ನೂ ಹಿಂದಿಕ್ಕಲು ಅವಕಾಶವಿಲ್ಲದ ಆ ಓಟದಲ್ಲಿ ಅಂಕವಿಲ್ಲದೆ ಮುಗಿಸಿದರು. ದಂಡ ತೀರಿತು. ಸಾಮಾನ್ಯ ದಿನದಲ್ಲಿ ಸ್ಪಾ ಎಂದರೆ ದಂಡ ತೀರಿಸಲು ತಂಡಗಳು ಹುಡುಕಿಕೊಂಡು ಬರುವ ಊರು. ಉದ್ದನೆಯ ನೇರ ರಸ್ತೆಗಳಲ್ಲಿ ಹಿಂದಿನಿಂದ ಬಂದು ಮುಂದೆ ಹೋಗಬಹುದು. ಮರುವರ್ಷ ವೆರ್‌ಸ್ಟಾಪನ್ ಅಲ್ಲೇ ಎಂಜಿನ್ ದಂಡ ಹೊತ್ತು 14ರಿಂದ ಹೊರಟು ಗೆದ್ದರು. ದಂಡದ ಸಂಖ್ಯೆ ಒಂದೇ, ಅದರ ಭಾರ ಮಾತ್ರ ಮೋಡ ನಿರ್ಧರಿಸುತ್ತದೆ.

ಈ ಕಾರಣಕ್ಕೇ ರದ್ದತಿ ಎಂಬುದು ತಂಡಗಳ ಯೋಜನೆಯನ್ನೇ ಕಲಕಿಬಿಡುತ್ತದೆ. ಎಂಜಿನ್ ದಂಡವನ್ನು ಯಾವ ತಂಡವೂ ಕಣ್ಣುಮುಚ್ಚಿ ತೆಗೆದುಕೊಳ್ಳುವುದಿಲ್ಲ. ಸ್ಪಾ, ಮೊಂಜಾ, ಬ್ರೆಜಿಲ್‌ನ ಇಂಟರ್‌ಲಾಗೊಸ್‌ನಂಥ ಟ್ರ್ಯಾಕುಗಳನ್ನು ಮೊದಲೇ ಗುರುತು ಹಾಕಿಕೊಂಡಿರುತ್ತದೆ. 2021ರಲ್ಲಿ ಹ್ಯಾಮಿಲ್ಟನ್ ಟರ್ಕಿಯಲ್ಲಿ ಮೊದಲ ಹೆಚ್ಚುವರಿ ಎಂಜಿನ್‌ಗೆ 10 ಸ್ಥಾನ, ಇಂಟರ್‌ಲಾಗೊಸ್‌ನಲ್ಲಿ ಎರಡನೆಯದಕ್ಕೆ 5 ಸ್ಥಾನ ತೆತ್ತು, ಅಲ್ಲಿ ಗೆದ್ದೂ ಗೆದ್ದರು. ಆ ಗುರುತು ಹಾಕಿದ ರೇಸೇ ಇಲ್ಲವಾದರೆ ಮುಂದೆ ಬರುವುದು ಯಾವುದೋ. ಇಮೋಲಾದ ನಂತರ ಬಂದದ್ದು ಮೊನಾಕೊ. ಆ ಕಿರಿದಾದ ಬೀದಿಗಳಲ್ಲಿ 10 ಸ್ಥಾನ ಬಿಟ್ಟುಕೊಡುವುದೆಂದರೆ ಭಾನುವಾರವನ್ನೇ ಬಿಟ್ಟುಕೊಟ್ಟಂತೆ.

ಇನ್ನು ಉಳಿದದ್ದು ಮಿತಿಯ ಪ್ರಶ್ನೆ. ರೇಸ್ ಕಡಿಮೆಯಾದರೆ ಎಂಜಿನ್ ಕಡಿಮೆಯೇ? ಒಂದೆರಡು ರೇಸ್ ಬಿದ್ದುಹೋದರೆ ಕಡಿಮೆಯಾಗುವುದಿಲ್ಲ. 2022ರಲ್ಲಿ ಉಕ್ರೇನ್ ಮೇಲಿನ ದಾಳಿಯ ನಂತರ ರಷ್ಯಾದ ರೇಸನ್ನು ಕೈಬಿಟ್ಟರು, 23 ಇದ್ದದ್ದು 22 ಆಯಿತು, ಎಂಜಿನ್ 3 ಇದ್ದದ್ದು 3 ಆಗಿಯೇ ಉಳಿಯಿತು. 2023ರಲ್ಲಿ ಆದದ್ದು ಇನ್ನೂ ವಿಶೇಷ. 24 ರೇಸ್ ಎಂದು ಶುರುವಾದ ವೇಳಾಪಟ್ಟಿಯಿಂದ ಮೊದಲು ಚೀನಾ ಹೋಯಿತು. ಏಪ್ರಿಲ್ ಕೊನೆಯಲ್ಲಿ ತಂಡಗಳೂ ಎಫ್‌ಐಎಯೂ ಕುಳಿತು ಋತು ಉದ್ದವಿದೆ ಎಂದು ಎಂಜಿನ್ ಮಿತಿಯನ್ನು 3ರಿಂದ 4ಕ್ಕೆ ಏರಿಸಿದವು. ಮೂರು ವಾರದಲ್ಲಿ ಇಮೋಲಾ ರದ್ದಾಯಿತು. ಏರಿಸಿದ ಮಿತಿ ಏರಿದಂತೆಯೇ ಉಳಿಯಿತು. ಹಿಂದಿನ ವರ್ಷ 22 ರೇಸಿಗೆ 3 ಎಂಜಿನ್, 2023ರಲ್ಲಿ ಅದೇ 22ಕ್ಕೆ 4. ಒಂದು ಎಂಜಿನ್ ಏಳಕ್ಕೂ ಹೆಚ್ಚು ರೇಸ್ ಬಾಳಬೇಕಿದ್ದದ್ದು ಐದೂವರೆಗೆ ಇಳಿಯಿತು.

ಇದಕ್ಕೂ ಹಿಂದೆ, 2015ರ ಋತುವಿಗೆ ಮುನ್ನ, ವೇಳಾಪಟ್ಟಿಯನ್ನೇ ಉಪಾಯವಾಗಿ ಬಳಸುತ್ತಿದ್ದಾರೆಂಬ ಅನುಮಾನವೂ ಎದ್ದಿತ್ತು. ಆಗಿನ ನಿಯಮದಲ್ಲಿ 4 ಯೂನಿಟ್, ರೇಸ್‌ಗಳು 20 ದಾಟಿದರೆ 5. 2014ರ ಡಿಸೆಂಬರಿನ ಪಟ್ಟಿಯಲ್ಲಿ, ಯಾರೂ ನಿರೀಕ್ಷಿಸದಿದ್ದ ಕೊರಿಯಾ ಸೇರಿ ಸಂಖ್ಯೆ 21 ಆಯಿತು. ಐದನೇ ಎಂಜಿನ್‌ಗೆ ದಾರಿ ಮಾಡಲು ನಡೆಯದ ರೇಸನ್ನು ಪಟ್ಟಿಗೆ ತುರುಕಿದ್ದಾರೆ ಎಂದು ಪತ್ರಿಕೆಗಳು ಬರೆದವು. ಕೊರಿಯಾ ಕೆಲವೇ ವಾರಗಳಲ್ಲಿ ಮಾಯವಾಯಿತು, ಮಾರ್ಚಿನಲ್ಲಿ ಜರ್ಮನಿಯೂ ಹೋಯಿತು, ನಡೆದದ್ದು 19 ರೇಸ್. ಮಿತಿ 4ರಲ್ಲೇ ನಿಂತಿತು. ಕಾಗದದ ಮೇಲಿನ ರೇಸಿಗೂ ಎಂಜಿನ್ ಲೆಕ್ಕಕ್ಕೂ ಎಷ್ಟು ಹತ್ತಿರದ ನಂಟು ಎಂಬುದು ಮಾತ್ರ ಎಲ್ಲರಿಗೂ ಅರ್ಥವಾಯಿತು.

ಈ ನಂಟನ್ನು ಬಾಯಿಬಿಟ್ಟು ಬರೆದದ್ದು ಕೋವಿಡ್ ವರ್ಷದಲ್ಲಿ. 22 ರೇಸ್ ನಡೆಯಬೇಕಿದ್ದ 2020ರ ಋತು ಜುಲೈ 5ರಂದು ಆಸ್ಟ್ರಿಯಾದಲ್ಲಿ ಆರಂಭವಾಗುವ ಹೊತ್ತಿಗೆ ಎಷ್ಟು ರೇಸ್ ಆದೀತೆಂದು ಯಾರಿಗೂ ಗೊತ್ತಿರಲಿಲ್ಲ. ಆಗ ಎಫ್‌ಐಎ ನಿಯಮವನ್ನು ತಿದ್ದಿ ಮೆಟ್ಟಿಲು ಹಾಕಿತು: ರೇಸ್‌ಗಳ ಸಂಖ್ಯೆ ಇಂತಿಷ್ಟಕ್ಕಿಂತ ಇಳಿದರೆ ಪವರ್ ಯೂನಿಟ್ ಭಾಗಗಳ ಮಿತಿಯೂ ಇಳಿಯುತ್ತದೆ. ಕೊನೆಗೆ 17 ರೇಸ್ ನಡೆದವು, ಎಂಜಿನ್ ಮಿತಿ ಇಳಿಸುವ ಅಗತ್ಯ ಬೀಳಲಿಲ್ಲ. ಆದರೆ ಪ್ರತಿ ತಂಡಕ್ಕೂ ಮೊದಲ ದಿನವೇ ಆಟದ ಷರತ್ತು ಗೊತ್ತಿತ್ತು. ಈ ಕ್ರೀಡೆಯ ನಿಯಮಾವಳಿಯಲ್ಲಿ ನಾನು ಕಂಡ ಒಳ್ಳೆಯ ಕೆಲಸಗಳಲ್ಲಿ ಅದೊಂದು.

ಮಿತಿ ಇಳಿಸುವುದೂ ನೋವಿಲ್ಲದ ಕೆಲಸವಲ್ಲ. ಅದೇ ವರ್ಷ ಮೋಟೊಜಿಪಿಯಲ್ಲಿ 14 ರೇಸಿಗೆ 5 ಎಂಜಿನ್ ಎಂದಾಯಿತು. ಹೆರೆಸ್‌ನ ಮೊದಲ ಎರಡು ರೇಸ್‌ಗಳಲ್ಲೇ ಯಮಹಾದ ಎಂಜಿನ್‌ಗಳು ಕೈಕೊಟ್ಟವು. ಮಾವೆರಿಕ್ ವಿನ್ಯಾಲೆಸ್ ನವೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಆರನೇ ಎಂಜಿನ್ ತೆಗೆದುಕೊಂಡು ಪಿಟ್ ಲೇನ್‌ನಿಂದ ಹೊರಡಬೇಕಾಯಿತು. ರೇಸ್‌ಗಳು ಕಡಿಮೆಯಾದ ಪ್ರಮಾಣದಲ್ಲೇ ಎಂಜಿನ್ ಕಡಿಮೆ ಮಾಡಿದರೆ ಕಾಗದದಲ್ಲಿ ನ್ಯಾಯ ಕಾಣುತ್ತದೆ. ಆದರೆ ಋತುವಿನ ಆರಂಭದಲ್ಲೇ ಎಂಜಿನ್ ಕಳೆದುಕೊಂಡವನಿಗೆ ಉಳಿದ ದಾರಿ ಸವೆಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಋತು ಶುರುವಾದ ಮೇಲೆ ಒಂದು ರೇಸ್ ಹೋಯಿತೆಂದು ಮಿತಿ ಮುಟ್ಟಬಾರದು. ಇಮೋಲಾ ಹೋದಾಗ 4ನ್ನು 3 ಮಾಡದೆ ಬಿಟ್ಟದ್ದೇ ಸರಿ. ಒಂದು ರೇಸಿನ 300 ಚಿಲ್ಲರೆ ಕಿಲೋಮೀಟರು ಉಳಿತಾಯ ಎಲ್ಲರಿಗೂ ಸಮನಾಗಿಯೇ ಸಿಗುತ್ತದೆ. ಎಂಜಿನ್ ಸವೆದವನಿಗೆ ಅದು ಸ್ವಲ್ಪ ಹೆಚ್ಚು ಉಪಕಾರಿ ಅಷ್ಟೇ, ಅದರಲ್ಲಿ ಅನ್ಯಾಯವೇನಿಲ್ಲ.

ಚಾಲಕ ಬದಲಾದರೂ ಈ ಖಾತೆ ಬದಲಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಾಯಿಲೆಯೋ ಗಾಯವೋ ಆಗಿ ಒಬ್ಬನ ಬದಲು ಇನ್ನೊಬ್ಬ ಕಾರು ಹತ್ತಿದರೆ, ಮೊದಲಿನವನ ಎಂಜಿನ್ ಲೆಕ್ಕವೇ ಅವನಿಗೂ. ಆಸನ ಬದಲಿಸಿ ಹೊಸ ಎಂಜಿನ್ ಗಿಟ್ಟಿಸುವ ಕಳ್ಳದಾರಿಯನ್ನು ನಿಯಮ ಮೊದಲೇ ಮುಚ್ಚಿದೆ. ಒಂದೇ ವಾರಾಂತ್ಯದಲ್ಲಿ ಎಂಜಿನ್ ಮೇಲೆ ಎಂಜಿನ್ ಹಾಕಿ ಸಂಗ್ರಹ ಬೆಳೆಸುವ ದಾರಿಯನ್ನೂ ಮುಚ್ಚಿದೆ. 2016ರಲ್ಲಿ ಸ್ಪಾದಲ್ಲಿ ಹ್ಯಾಮಿಲ್ಟನ್ ಪರವಾಗಿ ಮರ್ಸಿಡಿಸ್ ಹಾಗೆ ಮಾಡಿತ್ತು. 55 ಸ್ಥಾನಗಳ ದಂಡ ಬಿದ್ದರೂ ಅವರು ಮೂರನೆಯವರಾಗಿ ಮುಗಿಸಿದರು, ಎಂಜಿನ್‌ಗಳು ಕೈಯಲ್ಲಿ ಉಳಿದವು. ಅದಾದ ಮೇಲೆ, ಒಂದೇ ರೇಸಿನಲ್ಲಿ ಒಂದೇ ಬಗೆಯ ಎಷ್ಟೇ ಹೆಚ್ಚುವರಿ ಭಾಗ ಹಾಕಿದರೂ ಕೊನೆಯದನ್ನು ಮಾತ್ರ ಮುಂದೆ ದಂಡವಿಲ್ಲದೆ ಬಳಸಬಹುದು ಎಂದಾಯಿತು. ತಂಡಗಳು ತೂತು ಹುಡುಕುತ್ತವೆ, ಎಫ್‌ಐಎ ಮುಚ್ಚುತ್ತದೆ. ಇದು ನಡೆದು ಬಂದ ರೀತಿ.

ರದ್ದತಿಯ ತೂತನ್ನು ಮಾತ್ರ ಯಾರಾದರೂ ಬಳಸಿಕೊಳ್ಳುವ ಮೊದಲೇ ಮುಚ್ಚಬೇಕು. ಹವಾಮಾನ ಕೆಡುತ್ತಿದೆ, ಪ್ರವಾಹ, ಯುದ್ಧ, ಸಾಂಕ್ರಾಮಿಕ ಎಲ್ಲವನ್ನೂ ಈ ವೇಳಾಪಟ್ಟಿ ಕೆಲವೇ ವರ್ಷಗಳಲ್ಲಿ ಕಂಡಿದೆ. ಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಕಾರು ಟ್ರ್ಯಾಕಿಗೆ ಇಳಿದ ಮೇಲೆ ರೇಸ್ ರದ್ದಾದರೆ ಎಂಜಿನ್ ದಂಡವೂ ನಡತೆಯ ದಂಡದಂತೆಯೇ ಮುಂದಿನ ರೇಸಿಗೆ ಸಾಗಬೇಕು. 2020ರ ಮೆಟ್ಟಿಲುಗಳ ಪಟ್ಟಿ ತುರ್ತಿನ ಕಾಗದವಾಗಿ ಉಳಿಯದೆ ಪ್ರತಿ ವರ್ಷದ ನಿಯಮಾವಳಿಯಲ್ಲಿ ಮೊದಲ ದಿನದಿಂದಲೇ ಇರಬೇಕು. ಎಫ್‌ಐಎ ಇವೆರಡನ್ನು ಮುಂದಿನ ಋತುವಿಗೆ ಮುನ್ನ ಬರೆದಿಟ್ಟರೆ, ಮುಂದಿನ ಬಾರಿ ನದಿ ಉಕ್ಕಿದ ದಿನ ಸ್ಟೂವರ್ಡ್‌ಗಳು ಹೊಸದಾಗಿ ಏನನ್ನೂ ಹೊಸೆಯಬೇಕಾಗುವುದಿಲ್ಲ.